ಹುಡುಕಿದವರ ಹೆಸರು

ಎರಡು ವರ್ಷದ ಹಿಂದಿನ ಮಾತು. ಬೇಸಿಗೆ ಬೆಳೆಯ ಭತ್ತ ಕಟಾವಿಗೆ ಬಂದಿತ್ತು. ಸಾಲಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ನಾನೂ ನನ್ನ ತಮ್ಮನೂ ಕೂತಿದ್ದೆವು. ತಮ್ಮ ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ಸಿಂಧನೂರಾಗ ಸೋನಾ ರೇಟ್ ಎಷ್ಟೈತಿ ನೋಡಣ್ಣ" ಅಂದ. ಗೂಗಲ್ ತೆರೆದು ಬರೆಯುವ ಜಾಗವನ್ನು ಮುಟ್ಟಿದೆ. ನಾನು ಇನ್ನೂ ಒಂದಕ್ಷರ ಬರೆದಿರಲಿಲ್ಲ. ಅದರ ಕೆಳಗೆ, ಪುಟ್ಟ ಗಡಿಯಾರದ ಚಿತ್ರಗಳ ಪಕ್ಕದಲ್ಲಿ, ಆ ಫೋನಿನಲ್ಲಿ ಹಿಂದೆ ಹುಡುಕಿದ್ದೆಲ್ಲ ಸಾಲಾಗಿ ಬಂದು ನಿಂತಿತು. ಮೊದಲನೆಯದು ಟ್ರ್ಯಾಕ್ಟರ್ ಟೈರಿನ ಬೆಲೆ. ಎರಡನೆಯದು, ಎರಡು ತಿಂಗಳಿಂದ ಮುಟ್ಟು ನಿಂತಿದ್ದರೆ ಕಾರಣ ಏನು ಎಂಬ ಪ್ರಶ್ನೆ.

ಆ ಮನೆಯಲ್ಲಿ ಇದ್ದದ್ದು ಅದೊಂದೇ ದೊಡ್ಡ ಫೋನು. ಹಗಲು ತಮ್ಮನ ಜೇಬಿನಲ್ಲಿ, ರಾತ್ರಿ ಪಿಯುಸಿ ಓದುವ ಮಗಳ ಕೈಯಲ್ಲಿ. ನಾನು ಥಟ್ಟನೆ ಪರದೆ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಬೆರಳು ಹಾಗೇ ನಿಂತಿತು. ತಮ್ಮ ಬಗ್ಗಿ ನೋಡಿದ.

ಮುಂದಿನ ಹತ್ತು ದಿನ ಆ ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಯಾರೂ ಅವಳನ್ನು ಏನಾಗಿದೆ ಎಂದು ಕೇಳಲಿಲ್ಲ. ಎಲ್ಲರೂ ತಮಗೆ ಗೊತ್ತಾಗಿದೆ ಅಂದುಕೊಂಡಿದ್ದರು. ಕೊನೆಗೆ ಅವಳ ಅವ್ವನೇ ಸಿಂಧನೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಮೈಯಲ್ಲಿ ರಕ್ತ ತೀರಾ ಕಡಿಮೆ ಇದೆ, ಥೈರಾಯ್ಡ್ ತೊಂದರೆಯೂ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಮಾತ್ರೆ ಬರೆದುಕೊಟ್ಟರು. ಹುಡುಗಿ ಮತ್ತೆ ಬಸ್ಸು ಹತ್ತಿದಳು. ಆದರೆ ಅಪ್ಪನ ಫೋನು ಮುಟ್ಟುವುದನ್ನು ಬಿಟ್ಟಳು. ತನಗೆ ಗೊತ್ತಿಲ್ಲದ್ದನ್ನು ಯಾರನ್ನೂ ಕೇಳದವಳಾದಳು.

ನಾನು ಮಕ್ಕಳಿಗೆ ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆದವನು. ಫೋನಿನೊಳಗೂ 'ಹಿಸ್ಟರಿ' ಎಂಬುದೊಂದು ಇರುತ್ತದೆ ಎಂದು ಗೊತ್ತಿತ್ತು, ಅದು ಯಾರ ಇತಿಹಾಸ ಎಂದು ಯೋಚಿಸಿರಲಿಲ್ಲ. ಆ ದಿನದ ನಂತರ ಓದಿಕೊಂಡದ್ದನ್ನು, ನಮ್ಮ ಸೀಮೆಯ ಮಟ್ಟಿಗೆ ಹೊಂದಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರಿ ಕಾಕಾ, ನನ್ನ ಹೆಸರು ಬ್ಯಾಡ, ಕಾಲೇಜಿನ ಹೆಸರೂ ಬ್ಯಾಡ" ಅಂದಳು. ಆ ಎರಡು ಬೇಡಗಳ ಬೆಲೆ ಏನು ಎಂಬುದು ಬರೆಯುತ್ತ ಹೋದಂತೆ ತಿಳಿಯಿತು.

ನನ್ನ ಅಜ್ಜಿಯ ಕಾಲದಲ್ಲಿ ಇಂಥ ಪ್ರಶ್ನೆಗಳು ಸೂಲಗಿತ್ತಿಯ ಹತ್ತಿರ ಹೋಗುತ್ತಿದ್ದವು. ಅವಳಿಗೆ ಊರಿನ ಒಂದೊಂದು ಮನೆಯ ಒಳಗುಟ್ಟೂ ಗೊತ್ತಿರುತ್ತಿತ್ತು. ಯಾರಿಗೆ ಎಷ್ಟನೇ ತಿಂಗಳು, ಯಾರ ಹೊಟ್ಟೆಯಲ್ಲಿ ಏನು ನೋವು, ಯಾವ ಸೊಸೆ ಯಾಕೆ ಅಳುತ್ತಾಳೆ, ಎಲ್ಲವೂ. ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಆಡಿದರೆ ಮರುದಿನದಿಂದ ಯಾರೂ ಕರೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಗುಟ್ಟು ಕಾಯುವುದು ಅವಳ ಕಸುಬಿನ ಭಾಗವೇ ಆಗಿತ್ತು. ಗೂಗಲ್ ಈಗ ಆ ಜಾಗದಲ್ಲಿ ಕೂತಿದೆ. ನಾಚಿಕೆಯಿಲ್ಲದೆ ಕೇಳಬಹುದು, ನಡುರಾತ್ರಿಯೂ ಕೇಳಬಹುದು, ಬೈಯುವುದಿಲ್ಲ. ಆದರೆ ಸೂಲಗಿತ್ತಿ ಕೇಳಿದ್ದನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಇದು ಬರೆದಿಡುತ್ತದೆ.

ಬರೆದದ್ದನ್ನು ಮೂರನೆಯವರು ಓದುವ ಚಾಳಿಯೇನೂ ಹೊಸದಲ್ಲ. ನಮ್ಮ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ ಇತ್ತು. ಅತ್ತ ಬ್ರಿಟಿಷ್ ಇಂಡಿಯಾದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ತಂತಿ ತಡೆಯುವ ಅಧಿಕಾರವನ್ನೂ, 1898ರ ಅಂಚೆ ಕಾಯ್ದೆ ಪತ್ರ ತಡೆಯುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದ್ದವು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆಗಳು ಹಾಗೇ ಉಳಿದವು. ಪತ್ರ ತೆರೆಯುವ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆಗೆ 1986ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲಿಲ್ಲ. ಅದು ಕಾಯ್ದೆ ಆಗಲೇ ಇಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಈ ಕಥೆ ಕರ್ನಾಟಕಕ್ಕೆ ಬಂತು. ರಾಜಕಾರಣಿಗಳ ಫೋನು ಕದ್ದು ಕೇಳಿದ ಆರೋಪದ ಗದ್ದಲದಲ್ಲಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಆಗ ನಮ್ಮ ಕಡೆಯ ಹಳ್ಳಿಗಳಲ್ಲಿ ಫೋನು ಇದ್ದದ್ದೇ ಎಲ್ಲೋ ಒಂದೆರಡು ಮನೆಯಲ್ಲಿ. ಕದ್ದು ಕೇಳುವುದು ದೊಡ್ಡವರ ಮನೆಯ ರಗಳೆ, ನಮಗೇನು ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಮುಂದೆ ಪಿಯುಸಿಎಲ್ ಸಂಘಟನೆ ಫೋನು ಕದ್ದು ಕೇಳುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಮಾತಾಡುವುದು ಮನುಷ್ಯನ ಖಾಸಗಿ ಬದುಕಿನ ಭಾಗ, ಕಾನೂನಿನ ಕ್ರಮ ಇಲ್ಲದೆ ಅದನ್ನು ಕೇಳಿಸಿಕೊಳ್ಳುವಂತಿಲ್ಲ ಎಂದು ಕೋರ್ಟು ಹೇಳಿತು. ಯಾರು ಆದೇಶ ಕೊಡಬೇಕು, ಅದನ್ನು ಯಾರು ಪರಿಶೀಲಿಸಬೇಕು ಎಂಬ ನಿಯಮಗಳನ್ನೂ ಹಾಕಿಕೊಟ್ಟಿತು.

ಅಲ್ಲಿಗೆ ಎರಡೇ ವರ್ಷಕ್ಕೆ, 1998ರಲ್ಲಿ, ಅಮೆರಿಕದಲ್ಲಿ ಗೂಗಲ್ ಕಂಪನಿ ಶುರುವಾಯಿತು. 2000ದಲ್ಲಿ ಹುಡುಕಿದ ಪದಕ್ಕೆ ತಕ್ಕ ಜಾಹೀರಾತು ತೋರಿಸುವ ವ್ಯಾಪಾರ ಹಿಡಿಯಿತು. ಫೋನು ಕದ್ದು ಕೇಳುವವನು ಕಳ್ಳನಂತೆ ಬರಬೇಕು. ಇಲ್ಲಿ ಹಾಗಲ್ಲ, ನಾವೇ ಹೋಗಿ ಹೇಳುತ್ತೇವೆ. ನೀವು ಒಂದು ಪ್ರಶ್ನೆ ಬರೆದಾಗ ಅದರ ಜೊತೆಗೆ ನಿಮ್ಮ ಸಂಪರ್ಕದ ಐಪಿ ವಿಳಾಸ, ಹೊತ್ತು, ಫೋನಿನ ಜಾತಿ, ಬ್ರೌಸರಿನಲ್ಲಿ ಇಟ್ಟ ಕುಕಿ ಎಂಬ ಗುರುತು ಹೋಗುತ್ತವೆ. ಜಿಮೇಲ್ ಖಾತೆ ತೆರೆದೇ ಇದ್ದರೆ ಪ್ರಶ್ನೆ ನೇರವಾಗಿ ನಿಮ್ಮ ಹೆಸರಿನ ಖಾತೆಗೇ ಜಮೆ ಆಗಬಹುದು. ಒಂದೊಂದನ್ನೇ ನೋಡಿದರೆ ಅದು ಏನೂ ಅಲ್ಲ. ವರ್ಷಗಟ್ಟಲೆ ಕೂಡಿಹಾಕಿದರೆ ಒಬ್ಬ ಮನುಷ್ಯನೇ ಎದ್ದು ನಿಲ್ಲುತ್ತಾನೆ.

ಹೀಗೆ ಎದ್ದು ನಿಂತ ಒಂದು ಪ್ರಸಂಗ ಇದೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಕಂಪನಿ, ಸಂಶೋಧಕರಿಗೆ ಅನುಕೂಲವಾಗಲಿ ಎಂದು, ಸುಮಾರು 6.5 ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ ಸುಮಾರು 2 ಕೋಟಿ ಪ್ರಶ್ನೆಗಳನ್ನು ಬಹಿರಂಗ ಮಾಡಿತು. ಹೆಸರುಗಳನ್ನು ತೆಗೆದು ಪ್ರತಿಯೊಬ್ಬರಿಗೂ ಒಂದೊಂದು ನಂಬರು ಕೊಟ್ಟಿತ್ತು. ನಂಬರು ಕೊಟ್ಟರೆ ಗುರುತು ಅಳಿಯಿತು ಎಂಬ ನಂಬಿಕೆ. ಆದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ನಂಬರಿನ ಪ್ರಶ್ನೆಗಳನ್ನು ಜೋಡಿಸುತ್ತ ಹೋದರು. ಮರಗಟ್ಟುವ ಬೆರಳು, ನಾಯಿಯ ಕಾಟ, ಒಂದು ಸಣ್ಣ ಊರಿನ ತೋಟಗಾರರು, ಒಂದೇ ಮನೆತನದ ಹೆಸರಿನ ಹಲವರು. ಕೆಲವೇ ದಿನದಲ್ಲಿ ಜಾರ್ಜಿಯಾ ರಾಜ್ಯದ ಒಬ್ಬ ವಯಸ್ಸಾದ ವಿಧವೆಯ ಮನೆ ಬಾಗಿಲು ತಟ್ಟಿದರು. ಪ್ರಶ್ನೆಗಳೆಲ್ಲ ಆಕೆಯವೇ ಆಗಿದ್ದವು. ಕಂಪನಿ ಕ್ಷಮೆ ಕೇಳಿ ಪಟ್ಟಿಯನ್ನು ಹಿಂದಕ್ಕೆ ತೆಗೆಯಿತು. ಅಷ್ಟರಲ್ಲಿ ಅದರ ನಕಲುಗಳು ಎಲ್ಲೆಡೆ ಹರಡಿದ್ದವು.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಸ್ಕಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಊರಿನ ಬೆಟ್ಟಕ್ಕೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದ. ಆದರೆ ಬಂಡೆಗಳ ಮೇಲೆ, ಕಂಬಗಳ ಮೇಲೆ ಮಾತಾಡುತ್ತಿದ್ದ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅವು ಬಿರುದುಗಳು. ಸಿಂಹಳದ ಗ್ರಂಥಗಳ ಆಧಾರದ ಮೇಲೆ ಜಾರ್ಜ್ ಟರ್ನರ್ ಇವನೇ ಅಶೋಕ ಎಂದು ತೋರಿಸಿದ. ಆದರೂ ಶಾಸನದಲ್ಲೇ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದರಲ್ಲಿ ದೇವಾನಾಂಪ್ರಿಯನ ಪಕ್ಕದಲ್ಲೇ ಅಶೋಕ ಎಂಬ ಹೆಸರಿತ್ತು. ಆ ಒಂದು ಹೆಸರು ಸಿಕ್ಕಿದ್ದರಿಂದ ದೇಶದ ತುಂಬ ಹರಡಿದ್ದ ಎಷ್ಟೋ ಬಂಡೆಗಳ ಮಾತು ಒಬ್ಬನದೇ ಎಂಬುದು ಖಚಿತವಾಯಿತು. ಮುಂದೆ ತುಂಗಭದ್ರೆಯ ಆಚೆ ದಡದ ಸೀಮೆಯಲ್ಲಿ, ನಿಟ್ಟೂರು ಮತ್ತು ಉಡೇಗೊಳಂನಲ್ಲೂ ಆ ಹೆಸರು ಸಿಕ್ಕಿತು.

ಎಒಎಲ್ ಪಟ್ಟಿಯಲ್ಲಿ ಆದದ್ದೂ ಇದೇ. ನಂಬರೇ ಬಿರುದು. ಎಲ್ಲೋ ಒಂದು ಕಡೆ ನಂಬರಿನ ಪಕ್ಕ ಹೆಸರಿನ ಸುಳಿವು ಸಿಕ್ಕರೆ ಸಾಕು, ಉಳಿದ ಎಲ್ಲ ಪ್ರಶ್ನೆಗಳೂ ಆ ಹೆಸರಿಗೆ ಬಂದು ಸೇರುತ್ತವೆ. ಆದರೆ ಅಶೋಕ ತನ್ನ ಮಾತು ಬಹುಕಾಲ ಉಳಿಯಲಿ, ಜನ ಓದಲಿ ಎಂದು ಬಂಡೆಗೆ ಕೊರೆಸಿದ್ದ. ಆ ಅಜ್ಜಿ ಯಾರಿಗೂ ಓದಿಸಲೆಂದು ಬರೆದಿರಲಿಲ್ಲ. ನನ್ನ ತಮ್ಮನ ಮಗಳೂ ಅಷ್ಟೆ.

ಹುಡುಕಿದವರ ಕಥೆ ಇದಾದರೆ, ಹುಡುಕಿಸಿಕೊಂಡವರ ಕಥೆ ಇನ್ನೊಂದು. ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಒಬ್ಬ ಯುವತಿ ಮದುವೆ ನೋಂದಣಿಯ ವಿಚಾರದಲ್ಲಿ ಒಬ್ಬನ ಮೇಲೆ ದೂರು ಕೊಟ್ಟಿದ್ದಳು. ಮುಂದೆ ರಾಜಿಯಾಗಿ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತ್ತು. ಆದರೆ ಆದೇಶದಲ್ಲಿ ಅವಳ ಹೆಸರಿತ್ತು. ಗೂಗಲಿನಲ್ಲೋ ಯಾಹೂದಲ್ಲೋ ಯಾರಾದರೂ ಹೆಸರು ಹಾಕಿ ಹುಡುಕಿದರೆ ಆ ಆದೇಶ ಮೇಲೆ ಬರಬಹುದು, ಗಂಡನ ಜೊತೆಗಿನ ಬಾಳಿಗೂ ಹೊರಗಿನ ಮರ್ಯಾದೆಗೂ ಕುಂದಾಗಬಹುದು ಎಂದು ಅವಳ ತಂದೆ ಹೈಕೋರ್ಟಿಗೆ ಬಂದರು. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ಅದನ್ನು ಒಪ್ಪಿದರು. ಇಂಟರ್ನೆಟ್ಟಿನ ಹುಡುಕಾಟದಲ್ಲಿ ಅವಳ ಹೆಸರು ಕಾಣದಂತೆ ಮಾಡಲು ಪ್ರಯತ್ನಿಸಬೇಕೆಂದು ರಿಜಿಸ್ಟ್ರಿಗೆ ಹೇಳಿದರು. ಹೈಕೋರ್ಟಿನ ವೆಬ್‌ಸೈಟಿನಲ್ಲಿ, ದೃಢೀಕೃತ ನಕಲಿನಲ್ಲಿ ಹೆಸರು ಇದ್ದಂತೆಯೇ ಇರಲಿ ಎಂದರು. ಮರೆತುಹೋಗುವ ಹಕ್ಕು ಎಂಬ ಪಶ್ಚಿಮ ದೇಶಗಳ ವಿಚಾರವನ್ನು ಆ ಆದೇಶ ನೆನೆಯಿತು.

ಪಶ್ಚಿಮದಲ್ಲಿ ಅದು ಜೋರಾಗಿ ಕೇಳಿಸಿದ್ದು 2014ರ ಮೇ 13ರಂದು. ಸ್ಪೇನಿನ ಒಬ್ಬ ಮನುಷ್ಯನ ಸಾಲದ ಹರಾಜಿನ ಪ್ರಕಟಣೆ 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿತ್ತು. ಸಾಲ ತೀರಿ ವರ್ಷಗಳಾದರೂ ಅವನ ಹೆಸರು ಹುಡುಕಿದರೆ ಅದೇ ಎದುರಿಗೆ. ಪತ್ರಿಕೆಯ ಹಳೆಯ ಪುಟ ಇರಲಿ, ಹೆಸರು ಹಾಕಿ ಹುಡುಕಿದಾಗ ಅದರ ಕೊಂಡಿ ತೋರಿಸದಿರಲು ಗೂಗಲ್ ಬಾಧ್ಯ ಎಂದು ಯುರೋಪಿನ ನ್ಯಾಯಾಲಯ ಹೇಳಿತು. ಎರಡೂ ಕಡೆ ದಾಖಲೆಯನ್ನು ಸುಟ್ಟಿಲ್ಲ ಎಂಬುದನ್ನು ಗಮನಿಸಬೇಕು. ದಾಖಲೆ ಸುಡುವ ಮಾತು ಬಂದರೆ ಇತಿಹಾಸ ಕಲಿಸುವ ನನಗೆ ಅಳುಕು. ಇಂದು ಸಾಮಾನ್ಯನ ಹೆಸರು ಮರೆಸಿದ ದಾರಿಯಲ್ಲೇ ನಾಳೆ ಲಂಚ ತಿಂದವನೂ ಬಂದು ನಿಲ್ಲುತ್ತಾನೆ. ಬೇಕಾದವರು ಕೋರ್ಟಿಗೆ ಹೋಗಿ ಕಡತ ನೋಡಲಿ, ಬೀದಿಯಲ್ಲಿ ಹೋಗುವವರ ಕೈಗೆಲ್ಲ ಅದು ತಾನಾಗಿ ಬಂದು ಬೀಳದಿರಲಿ ಎಂಬುದು ಆ ಆದೇಶದ ಅರ್ಥ. ಅಷ್ಟು ನನಗೂ ಒಪ್ಪಿಗೆ.

2017ರ ಆಗಸ್ಟ್ 24ರಂದು ಇನ್ನೂ ದೊಡ್ಡ ತೀರ್ಪು ಬಂತು. ಅದರ ಹಿಂದೆ ಇದ್ದವರು ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ 1986ರಲ್ಲಿ ನಿವೃತ್ತರಾದವರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಅವು ಎಂಟು ಮತ್ತು ಆರು ನ್ಯಾಯಮೂರ್ತಿಗಳ ಪೀಠದವು. ಹಾಗಾಗಿ ಒಂಬತ್ತು ಮಂದಿಯ ಪೀಠ ಕೂರಬೇಕಾಯಿತು. ಒಂಬತ್ತೂ ಮಂದಿ ಒಂದೇ ಮಾತು ಹೇಳಿದರು: ಖಾಸಗಿತನ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ. ಅದನ್ನು ಮೊಟಕು ಮಾಡಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮೊಟಕು ಮಾಡಬೇಕು. ಮನುಷ್ಯ ಮರೆತರೂ ಇಂಟರ್ನೆಟ್ ಮರೆಯದು ಎಂಬ ಆತಂಕವನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಭಾಗದಲ್ಲಿ ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನು ಓದುವ ಹುಡುಗರ ಬಾಯಲ್ಲಿ ಅವರ ಹೆಸರೇ ಆ ಹಕ್ಕಿನ ಹೆಸರಾಗಿ ಉಳಿದಿದೆ.

ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪನಿಗಳು ಒಪ್ಪಿಗೆ ಪಡೆಯಬೇಕು, ಕೇಳಿದರೆ ಅಳಿಸಬೇಕು, ತಪ್ಪಿದರೆ 250 ಕೋಟಿ ರೂಪಾಯಿವರೆಗೂ ದಂಡ. ಸರ್ಕಾರಕ್ಕೆ ಮಾತ್ರ ದೊಡ್ಡ ದೊಡ್ಡ ವಿನಾಯಿತಿಗಳಿವೆ. ಅದರಲ್ಲಿ ಇನ್ನೊಂದು ಮಾತು ನನ್ನನ್ನು ಕಾಡಿತು. 18 ವರ್ಷ ತುಂಬದವರ ಬೆನ್ನು ಹತ್ತಿ ಗಮನಿಸುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ ಕಾಯ್ದೆ. ಅದು ಒಳ್ಳೆಯದೇ. ಅಂಥವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎಂದೂ ಹೇಳುತ್ತದೆ. ನಮ್ಮ ಹುಡುಗಿಗೆ ಆಗ 17. ಅವಳಿಗೆ ಪೆಟ್ಟು ಬಿದ್ದದ್ದು ಅಮೆರಿಕದ ಕಂಪನಿಯಿಂದಲ್ಲ, ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಂದ, ಕಾಕನಿಂದ.

ಮನೆಯ ಕಣ್ಣು ತಪ್ಪಿಸುವುದು ಹಿಂದೆಯೂ ಸುಲಭ ಇರಲಿಲ್ಲ. ಸೈಬರ್ ಕೆಫೆಗಳಿಗೆಂದು ಕೇಂದ್ರ ಸರ್ಕಾರ 2011ರಲ್ಲಿ ನಿಯಮ ತಂದಿತು. ಬಂದವರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು, ನೋಡಿದ ಪುಟಗಳ ದಾಖಲೆಯನ್ನು ಒಂದು ವರ್ಷ ಇಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಅಂಥ ಜಾಗದಲ್ಲಿ ಹಳ್ಳಿಯ ಹುಡುಗಿ ತನ್ನ ಮೈಯ ಬಗ್ಗೆ ಏನು ಕೇಳಿಯಾಳು? ಅಗ್ಗದ ಫೋನು ಬಂದಾಗ ಬಿಡುಗಡೆ ಆಯಿತು ಅಂದುಕೊಂಡೆವು. ಮನೆಗೊಂದೇ ಫೋನು ಇರುವ ಕಡೆ ಆ ನಾಲ್ಕೂವರೆ ಅಡಿಯೂ ಇಲ್ಲ.

ಹಾಗಾದರೆ ಏನು ಮಾಡುವುದು? ನೋಡುವ ಕಣ್ಣು ಎರಡು: ಒಂದು ಮನೆಯದು, ಒಂದು ಕಂಪನಿಯದು. ಎರಡಕ್ಕೂ ಮದ್ದು ಬೇರೆ ಬೇರೆ. 2008ರಲ್ಲಿ ಕ್ರೋಮ್ ಬಂದಾಗಿನಿಂದ ಅದರಲ್ಲಿ 'ಇನ್‌ಕಾಗ್ನಿಟೊ' ಇದೆ. ಅದನ್ನು ತೆರೆದು ಹುಡುಕಿ ಮುಚ್ಚಿದರೆ ಫೋನಿನ ಹಿಸ್ಟರಿಯಲ್ಲಿ ಏನೂ ಉಳಿಯುವುದಿಲ್ಲ. ಮನೆಯ ಕಣ್ಣಿಗೆ ಇಷ್ಟು ಸಾಕು. ಆದರೆ ನೆಟ್ ಕೊಡುವವರಿಗೂ, ನೀವು ಹೋದ ಜಾಲತಾಣಕ್ಕೂ ನೀವು ಕಾಣುತ್ತಲೇ ಇರುತ್ತೀರಿ. ಜನ ಇದನ್ನು ತಪ್ಪು ತಿಳಿಯುವಂತೆ ಮಾಡಿದ್ದಾರೆ ಎಂದು 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ರಾಜಿಯಾಗಿ, ಹಾಗೆ ಕೂಡಿಟ್ಟ ಹಳೆಯ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ಕಂಪನಿಯ ಕಣ್ಣಿಗೆ ಬೇರೆ ಉಪಾಯ. ಖಾತೆಯಿಂದ ಹೊರಗೆ ಬಂದು ಹುಡುಕಬಹುದು. ಗೂಗಲ್ ಖಾತೆಯಲ್ಲಿ 'ಮೈ ಆಕ್ಟಿವಿಟಿ' ಎಂಬಲ್ಲಿ ಹೋಗಿ ಹುಡುಕಾಟದ ದಾಖಲೆಯನ್ನೇ ನಿಲ್ಲಿಸಬಹುದು, ಅಥವಾ ಮೂರು ತಿಂಗಳಿಗೊಮ್ಮೆ ತಾನಾಗಿ ಅಳಿಯುವಂತೆ ಮಾಡಬಹುದು. ಈ ಸೌಲಭ್ಯ 2019ರಿಂದ ಇದೆ. ಹುಡುಕಿದ್ದನ್ನು ಹೆಸರಿಗೆ ಜೋಡಿಸಿ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿಕೊಳ್ಳುವ ಡಕ್‌ಡಕ್‌ಗೋ ಕೂಡ 2008ರಿಂದ ಇದೆ. ಇದರಲ್ಲಿ ಯಾವುದೂ ಪೂರ್ತಿ ಮರೆ ಅಲ್ಲ. ಹೊಲಕ್ಕೆ ಹಾಕಿದ ಮುಳ್ಳಿನ ಬೇಲಿಯ ಹಾಗೆ. ನುಗ್ಗಲೇಬೇಕು ಎಂದು ಬಂದವನನ್ನು ತಡೆಯುವುದಿಲ್ಲ, ಅಡ್ಡಾಡುವ ದನವನ್ನಂತೂ ತಡೆಯುತ್ತದೆ.

ಇಷ್ಟನ್ನೂ ಕಲಿತ ಮೇಲೆ ನನ್ನ ಹಳೆಯ ಫೋನೊಂದನ್ನು ತೊಳೆದಿಟ್ಟ ಹಾಗೆ ಖಾಲಿ ಮಾಡಿ, ಹೊಸ ಸಿಮ್ ಹಾಕಿಸಿ, ಅವಳ ಮುಂದಿಟ್ಟೆ. ತಮ್ಮ ಒಪ್ಪಲಿಲ್ಲ. "ಹೆಣ್ಣುಹುಡುಗಿ ಕೈಗೆ ಬ್ಯಾರೆ ಫೋನ್ ಯಾಕಣ್ಣ" ಅಂದ. "ರಕ್ತ ಕಡಿಮೆ ಐತಿ ಅಂತ ಎರಡು ತಿಂಗಳು ಮೊದಲೇ ಗೊತ್ತಾಗಿದ್ರೆ ಚಲೋ ಇರ್ತಿತ್ತಿಲ್ಲೋ?" ಅಂದೆ. ಸುಮ್ಮನಾದ. ಒಪ್ಪಿದನೋ ಇಲ್ಲವೋ ಇವತ್ತಿಗೂ ಹೇಳಿಲ್ಲ.

ಹುಡುಗಿ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದರಾಗ ನಾನು ಏನ್ ಹುಡುಕಿದ್ರೂ ನೀ ನೋಡಂಗಿಲ್ಲ ಅಂತ ಹೆಂಗ ನಂಬಲಿ ಕಾಕಾ?" ಅಂದಳು.

ಸರಿಯಾದ ಪ್ರಶ್ನೆ. ಪಾಸ್‌ವರ್ಡ್ ಹಾಕುವ ಜಾಗ ಎಲ್ಲಿದೆ ಎಂದು ತೋರಿಸಿ, ನಾನು ಎದ್ದು ಕಟ್ಟೆಯ ಕಡೆ ಹೋದೆ. ಅವಳು ಏನು ಬರೆದಳೋ ಗೊತ್ತಿಲ್ಲ.